ಸ್ಪ್ರಿಂಗ್ ಬ್ರೇಕರ್ಸ್: ಬಿಕಿನಿ, ಗನ್ನು, ನಿಯಾನ್ ಲೈಟು, ಮತ್ತೆ ಹೊಟ್ಟೆಯೊಳಗೆ ಒಂಥರಾ ಸಂಕಟ

ಈ ಸಿನಿಮಾ ನೋಡಿದೋರನ್ನ ಕೇಳಿದ್ರೆ ಸಾಮಾನ್ಯವಾಗಿ ಎರಡೇ ಥರದ ಉತ್ತರ ಬರುತ್ತೆ. ಒಂದು, ಮಾಸ್ಟರ್‌ಪೀಸ್ ಗುರು, ಇಂಥದ್ದು ಇನ್ನೊಂದು ಬಂದಿಲ್ಲ ಅನ್ನೋದು. ಇನ್ನೊಂದು, ಬಿಕಿನಿ ಹಾಕ್ಕೊಂಡ ಹುಡುಗೀರನ್ನ ಒಂದೂವರೆ ಗಂಟೆ ತೋರಿಸೋಕೆ ಒಂದು ನೆಪ ಅಷ್ಟೇ, ಕಥೇನೂ ಇಲ್ಲ ಏನೂ ಇಲ್ಲ, ಟೈಮ್ ವೇಸ್ಟ್ ಅನ್ನೋದು. ನಡುವೆ ನಿಂತೋರು ಸಿಗೋದೇ ಅಪರೂಪ. ನಾನು ಮೊದಲನೇ ಗುಂಪಿನ ಕಡೆಗೇ ಇದ್ದೀನಿ, ಆದ್ರೆ ಕ್ಲೈಮ್ಯಾಕ್ಸ್ ಬಗ್ಗೆ ನಂಗೆ ದೊಡ್ಡ ತಕರಾರಿದೆ, ಅದನ್ನೂ ಮುಚ್ಚಿಡದೆ ಬರೀತೀನಿ. ಕಥೆ ಪೂರ್ತಿ ಹೇಳಿಬಿಡ್ತೀನಿ ಕೂಡ, ಇನ್ನೂ ನೋಡದೇ ಇರೋರು ನೋಡ್ಕೊಂಡು ಬಂದು ಓದಿ.

ಡೈರೆಕ್ಟರ್ ಹಾರ್ಮನಿ ಕೊರೀನ್. 1995ರಲ್ಲಿ ಬಂದ ಕಿಡ್ಸ್ ಅನ್ನೋ ಸಿನಿಮಾಗೆ ಸ್ಕ್ರಿಪ್ಟ್ ಬರೆದಾಗ ಇವನೇ ಇನ್ನೂ ಹುಡುಗ, ಆಗಿಂದ್ಲೂ ಇವನ ಕೆಲಸ ಅಂದ್ರೆ ಜನ ಎರಡು ಭಾಗ ಆಗೋದು ಗ್ಯಾರಂಟಿ. ಸ್ಪ್ರಿಂಗ್ ಬ್ರೇಕರ್ಸ್ 2012ರ ವೆನಿಸ್ ಫೆಸ್ಟಿವಲ್‌ನಲ್ಲಿ ಮೊದಲು ತೋರಿಸಿದ್ದು, ಅಮೆರಿಕದ ಥಿಯೇಟರಿಗೆ ಬಂದಿದ್ದು 2013ರ ಮಾರ್ಚಲ್ಲಿ. ಇವತ್ತು ಎ24 ಅಂದ್ರೆ ಸಿನಿಮಾ ಹುಚ್ಚಿರೋರಿಗೆಲ್ಲ ಗೊತ್ತು, ಆವಾಗ ಅದು ಆಗ ತಾನೇ ಶುರುವಾದ ಸಿನಿಮಾ ಕಂಪನಿ, ಅದಕ್ಕೆ ಹೆಸರು ತಂದ ಮೊದಮೊದಲ ಸಿನಿಮಾಗಳಲ್ಲಿ ಇದೂ ಒಂದು. ಬಜೆಟ್ ಸುಮಾರು 50 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಫ್ರಾನ್ಸಿನ ಕಹಿಯೇ ದು ಸಿನೆಮಾ ಪತ್ರಿಕೆ 2013ರ ಟಾಪ್ ಟೆನ್‌ನಲ್ಲಿ ಇದಕ್ಕೆ ಎರಡನೇ ಜಾಗ ಕೊಡ್ತು, ಅದೇ ಹೊತ್ತಿಗೆ ಪಾರ್ಟಿ ಸಿನಿಮಾ ಅನ್ಕೊಂಡು ಟಿಕೆಟ್ ತಗೊಂಡು ಹೋದ ಹುಡುಗ್ರು ಬೈಕೊಂಡು ಎದ್ದು ಬಂದ್ರು.

ಸ್ಪ್ರಿಂಗ್ ಬ್ರೇಕ್ ಅಂದ್ರೆ ಅಮೆರಿಕದ ಕಾಲೇಜುಗಳಿಗೆ ಮಾರ್ಚ್ ಸುಮಾರಿಗೆ ಸಿಗೋ ಒಂದು ವಾರದ ರಜೆ, ಆವಾಗ ಹುಡುಗ ಹುಡುಗೀರು ಗುಂಪು ಗುಂಪಾಗಿ ಫ್ಲಾರಿಡಾ ಬೀಚುಗಳಿಗೆ ಹೋಗಿ ಕುಡಿದು ಕುಣಿದು ಬೀಳ್ತಾರೆ. ನಮ್ಮ ಕಥೆಯ ನಾಲ್ಕು ಜನ, ಫೇತ್, ಕ್ಯಾಂಡಿ, ಬ್ರಿಟ್, ಕಾಟಿ, ಹಾಸ್ಟೆಲಲ್ಲೇ ಕೊಳೀತಿದ್ದಾರೆ, ಯಾಕಂದ್ರೆ ಕೂಡಿಟ್ಟ ದುಡ್ಡು ಸಾಲ್ತಿಲ್ಲ. ಊರೆಲ್ಲ ಖಾಲಿ, ಎಲ್ಲರೂ ಹೋಗಿಬಿಟ್ಟಿದ್ದಾರೆ, ಇವರು ಮಾತ್ರ ಕಾರಿಡಾರಲ್ಲಿ ಬಿದ್ಕೊಂಡು ಗೋಡೆ ನೋಡ್ತಿದ್ದಾರೆ. ಬಡತನ ಅಲ್ಲ, ಹಸಿವಲ್ಲ, ಬೋರು. ಸಿನಿಮಾ ಪೂರ್ತಿ ನಿಂತಿರೋದೇ ಈ ಬೋರಿನ ಮೇಲೆ. ಫೇತ್ ಚರ್ಚಿಗೆ ಹೋಗೋ ಹುಡುಗಿ, ಅವಳೊಬ್ಬಳನ್ನ ಬಿಟ್ಟು ಮಿಕ್ಕ ಮೂರು ಜನ ಪ್ರೊಫೆಸರ್ ಒಬ್ಬರ ಕಾರು ಕದ್ದು, ಆಟದ ನೀರಿನ ಪಿಸ್ತೂಲು ಮತ್ತೆ ಒಂದು ಸುತ್ತಿಗೆ ಹಿಡ್ಕೊಂಡು ಒಂದು ಚಿಕನ್ ಹೋಟ್ಲು ದರೋಡೆ ಮಾಡ್ತಾರೆ. ಆ ದುಡ್ಡಲ್ಲಿ ನಾಲ್ಕೂ ಜನ ಫ್ಲಾರಿಡಾಗೆ ಹೋಗ್ತಾರೆ.

ಈ ದರೋಡೆ ಸೀನ್ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು. ಕ್ಯಾಮೆರಾ ಹೋಟ್ಲೊಳಗೆ ಹೋಗೋದೇ ಇಲ್ಲ. ಕಾಟಿ ಡ್ರೈವರ್ ಸೀಟಲ್ಲಿ ಕೂತಿದ್ದಾಳೆ, ಕಾರಲ್ಲಿ ಹಾಡು ಓಡ್ತಿದೆ, ಅವಳು ಮೆಲ್ಲಗೆ ಬಿಲ್ಡಿಂಗ್ ಸುತ್ತ ಕಾರು ತಿರುಗಿಸ್ತಾಳೆ, ಕ್ಯಾಮೆರಾ ಅವಳ ಪಕ್ಕದ ಸೀಟಲ್ಲೇ ಕೂತಂಗೆ ಕಾರಿನ ಕಿಟಕಿಯಿಂದ ಹೋಟ್ಲಿನ ಕಿಟಕಿಗಳನ್ನ ನೋಡ್ತಾ ಹೋಗುತ್ತೆ. ಒಂದು ಕಿಟಕಿಯಲ್ಲಿ ಸುತ್ತಿಗೆ ಮೇಲೇಳುತ್ತೆ, ಮುಂದಿನ ಕಿಟಕಿಯಲ್ಲಿ ಜನ ನೆಲಕ್ಕೆ ಬಗ್ತಾರೆ, ಮಧ್ಯ ಗೋಡೆ ಅಡ್ಡ ಬರುತ್ತೆ, ಏನಾಯ್ತೋ ಗೊತ್ತಾಗಲ್ಲ, ಮತ್ತೆ ಇನ್ನೊಂದು ಕಿಟಕಿ. ಕಿರುಚಾಟ ಸರಿಯಾಗಿ ಕೇಳ್ಸಲ್ಲ, ಹಾಡೇ ಜೋರು. ಎಲ್ಲಾ ಒಂದೇ ಶಾಟ್, ಒಂದೂ ಕಟ್ ಇಲ್ಲ. ನೋಡ್ತಾ ಇದ್ರೆ ಮಜವಾಗಿದೆ, ನಿಜವಾಗ್ಲೂ ಮಜವಾಗಿದೆ, ಯಾರಿಗೂ ಏನೂ ಆಗ್ತಿಲ್ಲ ಅನ್ನಿಸುತ್ತೆ. ಆಮೇಲೆ ಸುಮಾರು ಹೊತ್ತು ಕಳೆದ್ಮೇಲೆ ಅದೇ ದರೋಡೇನ ಒಳಗಿಂದ ತೋರಿಸ್ತಾನೆ. ಆವಾಗ ಗೊತ್ತಾಗುತ್ತೆ ಆ ಹುಡುಗೀರು ಏನ್ ಬೈತಿದ್ರು, ಊಟ ಮಾಡ್ತಾ ಕೂತಿದ್ದ ಪಾಪದ ಜನದ ಮುಖಕ್ಕೆ ಆ ಆಟದ ಪಿಸ್ತೂಲು ಹಿಡಿದಾಗ ಅವರ ಕಣ್ಣಲ್ಲಿ ಏನಿತ್ತು ಅಂತ. ಅವರಿಗೇನು ಗೊತ್ತು ಅದು ನೀರಿನ ಪಿಸ್ತೂಲು ಅಂತ! ಮೊದಲ ಸಲ ನಾವು ನೋಡಿ ಖುಷಿಪಟ್ಟಿದ್ದು ಏನು ಅನ್ನೋದನ್ನ ಡೈರೆಕ್ಟರು ನಮ್ಮ ಮುಂದೆ ತಂದು ಇಡ್ತಾನೆ, ಒಂದು ಮಾತೂ ಆಡದೆ, ಒಂದು ಉಪದೇಶಾನೂ ಕೊಡದೆ. ಸಿನಿಮಾದಲ್ಲಿ ಸ್ಟೈಲ್ ಯಾಕೆ ಬೇಕು ಅಂತ ಕೇಳೋರಿಗೆ ನಾನು ಈ ಎರಡು ಸೀನ್ ತೋರಿಸ್ತೀನಿ. ಕ್ಯಾಮೆರಾ ಎಲ್ಲಿಟ್ಟಿದ್ದಾನೆ ಅನ್ನೋದರ ಮೇಲೆ ಅಪರಾಧ ಒಂದ್ಸಲ ಆಟ ಆಗುತ್ತೆ, ಇನ್ನೊಂದ್ಸಲ ಅಪರಾಧಾನೇ ಆಗುತ್ತೆ.

ಒಳಗೆ ಹೋಗೋಕೆ ಮುಂಚೆ ಅವರು ತಮಗೆ ತಾವೇ ಧೈರ್ಯ ಹೇಳ್ಕೊಳ್ಳೋದೂ ಹಾಗೇ, ಇದು ವಿಡಿಯೋ ಗೇಮ್ ಅನ್ಕೋ, ಸಿನಿಮಾದಲ್ಲಿ ಇದ್ದೀವಿ ಅನ್ಕೋ ಅಂತ. ಈ ಸಿನಿಮಾ ಹೇಳೋದು ಇದನ್ನೇ ಅಂತ ನನ್ನ ನಂಬಿಕೆ. ಈ ಹುಡುಗೀರಿಗೆ ಥ್ರಿಲ್ ಅನ್ನೋದು ಪರದೆ ಮೇಲೆ ನೋಡಿ ಕಲಿತ ವಿಷಯ, ಅದಕ್ಕೇ ಸಿನಿಮಾ ಕೂಡ ಪರದೆ ಮೇಲಿನ ಮಿಂಚಿನ ಥರಾನೇ ಇರ್ಬೇಕು, ಬೇರೆ ಥರ ತೆಗೆದಿದ್ರೆ ಅದು ಸುಳ್ಳಾಗ್ತಿತ್ತು. ಬರೀ ಮೇಲ್ಪದರ, ಆಳ ಇಲ್ಲ ಅಂತ ಬೈಯೋರಿಗೆ ನನ್ನ ಉತ್ತರ ಇಷ್ಟೇ. ಆ ಮೇಲ್ಪದರವೇ ಇಲ್ಲಿ ವಿಷಯ.

ಸಿನಿಮಾಟೋಗ್ರಫಿ ಬೆನ್ವಾ ದೆಬಿ, ಎಂಟರ್ ದ ವಾಯ್ಡ್ ಅನ್ನೋ ಸಿನಿಮಾಗೂ ಕ್ಯಾಮೆರಾ ಹಿಡಿದವನು. ಪಿಂಕು, ಹಳದಿ, ನೀಲಿ, ಸೂರ್ಯ ಮುಳುಗೋ ಹೊತ್ತಿನ ಆ ಕೇಸರಿ, ಒಂದೊಂದು ಬಣ್ಣಾನೂ ಕಣ್ಣಿಗೆ ಅಂಟ್ಕೊಳ್ಳುತ್ತೆ. ಮೊದಲ ಸೀನೇ ಬೀಚಲ್ಲಿ ಸ್ಲೋ ಮೋಷನ್, ಡಿಜೆ ಸ್ಕ್ರಿಲೆಕ್ಸ್ ಮ್ಯೂಸಿಕ್ಕು, ಬಿಯರು ಮೈಮೇಲೆ ಸುರ್ಕೊಳ್ಳೋದು, ಕಿರುಚೋದು, ಕ್ಯಾಮೆರಾ ಕಡೆ ತಿರುಗಿ ಬೆರಳು ತೋರಿಸೋದು. ಮೊದಲ ಅರ್ಧ ನಿಮಿಷ ಜಾಹೀರಾತಿನ ಥರ ಇದೆ, ಎರಡನೇ ನಿಮಿಷಕ್ಕೆ ಇದೇನಪ್ಪ ನಿಲ್ಲಿಸ್ತಾನೇ ಇಲ್ವಲ್ಲ ಅನ್ನಿಸೋಕೆ ಶುರುವಾಗುತ್ತೆ. ಇದನ್ನೇ ಸಿನಿಮಾ ಉದ್ದಕ್ಕೂ ಮಾಡ್ತಾನೆ. ಅದೇ ಶಾಟ್ ಮತ್ತೆ ಬರುತ್ತೆ, ಅದೇ ಮಾತು ಬೇರೆ ಚಿತ್ರದ ಮೇಲೆ ಮತ್ತೆ ಬರುತ್ತೆ, ಮುಂದೆ ಆಗೋದು ಮೊದಲೇ ಒಂದು ಸೆಕೆಂಡ್ ಇಣುಕಿ ಹೋಗುತ್ತೆ, ತಲೇಲಿ ಸಿಕ್ಕಾಕ್ಕೊಂಡ ಟ್ಯೂನ್ ಥರ ಸುತ್ತುತ್ತಾ ಇರುತ್ತೆ. ಒಂದು ಸೀನಿಂದ ಇನ್ನೊಂದು ಸೀನಿಗೆ ಹೋಗುವಾಗ ಗನ್ ಲೋಡ್ ಮಾಡೋ ಸದ್ದು, ಕೆಲವು ಕಡೆ ಗುಂಡು ಹಾರಿದ ಸದ್ದು ಹಾಕಿದ್ದಾನೆ, ತೆರೆ ಮೇಲೆ ಗನ್ನೇ ಇಲ್ಲ, ಹುಡುಗೀರು ನಗ್ತಾ ಸ್ವಿಮ್ಮಿಂಗ್ ಪೂಲಲ್ಲಿದ್ದಾರೆ, ಆದ್ರೂ ಕಿವಿಗೆ ಚಕ್ ಅಂತ ಕೇಳ್ಸುತ್ತೆ. ಯಾವ ಪಾರ್ಟೀನೂ ನೆಮ್ಮದಿಯಾಗಿ ನೋಡೋಕೆ ಆಗಲ್ಲ. ಮ್ಯೂಸಿಕ್ಕಲ್ಲಿ ಸ್ಕ್ರಿಲೆಕ್ಸ್ ಜೊತೆ ಕ್ಲಿಫ್ ಮಾರ್ಟಿನೆಜ್ ಇದ್ದಾನೆ, ಅವನು ಕೊಡೋ ಆ ತೇಲೋ ಥರದ ಸದ್ದು ಇಲ್ಲದಿದ್ರೆ ಸಿನಿಮಾ ಇಷ್ಟು ಕಾಡ್ತಿರಲಿಲ್ಲ.

ಫೇತ್ ಅಜ್ಜಿಗೆ ಫೋನ್ ಮಾಡೋ ಭಾಗ ನಂಗೆ ತುಂಬಾ ಇಷ್ಟ. ಧ್ವನಿ ಮಾತ್ರ ಕೇಳ್ಸುತ್ತೆ, ಇಲ್ಲಿ ಎಷ್ಟು ಚಂದ ಇದೆ, ಎಷ್ಟು ಒಳ್ಳೆ ಜನ ಸಿಕ್ಕಿದ್ರು, ಇಲ್ಲಿ ಒಂಥರಾ ಆಧ್ಯಾತ್ಮಿಕ ಅನುಭವ ಆಗ್ತಿದೆ ಅಂತ, ತೆರೆ ಮೇಲೆ ನೋಡಿದ್ರೆ ಕುಡಿದು ಬಿದ್ದಿರೋ ಜನ. ಬೇಕಾದಷ್ಟು ಮಂದಿ ಇದನ್ನ ಸಿನಿಮಾ ಅವಳನ್ನ ಗೇಲಿ ಮಾಡೋದು ಅಂತ ಓದಿದ್ದಾರೆ. ನಂಗೆ ಹಾಗನ್ಸಲ್ಲ. ಅವಳು ಸುಳ್ಳು ಹೇಳ್ತಿಲ್ಲ ರೀ, ಅವಳಿಗೆ ನಿಜವಾಗ್ಲೂ ಹಾಗೆ ಅನ್ನಿಸ್ತಿದೆ, ತನ್ನ ಊರು, ತನ್ನ ರೂಮು, ದಿನಾ ನೋಡಿದ್ದೇ ನೋಡೋ ಆ ರಸ್ತೆ ಬಿಟ್ಟು ಒಂದ್ಸಲ ಹೊರಗೆ ಬಂದಿದ್ದೇ ಅವಳಿಗೆ ದೇವರು ಕಂಡಷ್ಟು ದೊಡ್ಡದು. ಆ ವಯಸ್ಸಲ್ಲಿ ಸಮುದ್ರದಲ್ಲಿ ಗೆಳತಿಯರ ಕೈ ಹಿಡ್ಕೊಂಡು ನಿಂತಾಗ ಈ ಕ್ಷಣ ಹೀಗೇ ನಿಂತುಬಿಡಲಿ ಅಂತ ಅನ್ಸೋದು ಸುಳ್ಳೇನಲ್ಲವಲ್ಲ.

ಕ್ಯಾಸ್ಟಿಂಗ್ ಬಗ್ಗೆ ಆವಾಗ ಆದ ಗಲಾಟೆ ಗೊತ್ತಿರೋರಿಗೆ ಗೊತ್ತು. ಫೇತ್ ಆಗಿರೋದು ಸೆಲೀನಾ ಗೊಮೆಜ್, ಕ್ಯಾಂಡಿ ವೆನೆಸ್ಸಾ ಹಜೆನ್ಸ್, ಇಬ್ಬರೂ ಡಿಸ್ನಿ ಚಾನೆಲ್‌ನಿಂದ ಮಕ್ಕಳಿಗೆಲ್ಲ ಪರಿಚಯ ಆದೋರು. ಬ್ರಿಟ್ ಆಶ್ಲೀ ಬೆನ್ಸನ್, ಕಾಟಿ ಡೈರೆಕ್ಟರ್ ಹೆಂಡತಿ ರೇಚಲ್ ಕೊರೀನ್. ಪಬ್ಲಿಸಿಟಿ ಗಿಮಿಕ್ ಅಂದ್ರು. ಇರಬಹುದು, ಆದ್ರೆ ಕೆಲಸ ಮಾಡಿದೆ. ನಾವು ಯಾವ ಮುಖಗಳನ್ನ ಮುಗ್ಧ ಅಂತ ತಲೇಲಿ ಇಟ್ಕೊಂಡಿದ್ವೋ ಅದೇ ಮುಖಗಳು ಸುತ್ತಿಗೆ ಹಿಡ್ಕೊಂಡು ನಿಂತಾಗ ಆಗೋ ಕಸಿವಿಸಿ ಹೊಸ ನಟಿಯರನ್ನ ಹಾಕಿದ್ರೆ ಬರ್ತಿರಲಿಲ್ಲ. ಸೆಲೀನಾ ಆ್ಯಕ್ಟಿಂಗ್ ಚೆನ್ನಾಗಿದೆ, ಉಳಿದ ಮೂವರಿಗೆ ಬರವಣಿಗೇಲೇ ಜಾಸ್ತಿ ಏನೂ ಕೊಟ್ಟಿಲ್ಲ, ಕ್ಯಾಂಡಿ ಬ್ರಿಟ್ ಇಬ್ಬರಲ್ಲಿ ಯಾರು ಯಾರು ಅಂತ ಸುಮಾರು ಹೊತ್ತು ಗೊತ್ತೇ ಆಗಲ್ಲ, ಅದು ಬೇಕಂತಲೇ ಮಾಡಿದ್ದು ಅಂತ ಒಪ್ಕೊಂಡ್ರೂ ಕಾಟಿಗೆ ಮಾತ್ರ ಅನ್ಯಾಯ ಆಗಿದೆ.

ಈಗ ಏಲಿಯನ್ ಅನ್ನೋ ಪಾತ್ರಕ್ಕೆ ಬರೋಣ. ಹೋಟೆಲ್ ರೂಮಿನ ಪಾರ್ಟಿಗೆ ಪೊಲೀಸ್ ಬಂದು ನಾಲ್ಕೂ ಹುಡುಗೀರನ್ನ ಒಳಗೆ ಹಾಕ್ತಾರೆ, ಬಿಕಿನಿಯಲ್ಲೇ ಜಡ್ಜ್ ಮುಂದೆ ನಿಲ್ತಾರೆ, ಫೈನ್ ಕಟ್ಟೋಕೆ ಕಾಸಿಲ್ಲ, ಆವಾಗ ಯಾರೋ ಗೊತ್ತೇ ಇಲ್ಲದವನೊಬ್ಬ ದುಡ್ಡು ಕಟ್ಟಿ ಬಿಡಿಸ್ತಾನೆ. ಅವನೇ ಏಲಿಯನ್, ಮಾಡಿರೋದು ಜೇಮ್ಸ್ ಫ್ರಾಂಕೋ. ತಲೆ ತುಂಬಾ ಬಿಗಿಯಾದ ಜಡೆ, ಹಲ್ಲಿಗೆ ಲೋಹದ ಕವಚ, ಬಾಯಿಬಿಟ್ರೆ ಎಳೆದೆಳೆದು ಮಾತು. ರ‍್ಯಾಪರ್ರು, ಡ್ರಗ್ಸ್ ಮಾರೋನು, ರಜೆಗೆ ಬಂದವರನ್ನ ದೋಚೋನು. ತನ್ನ ಬೆಡ್‌ರೂಮಿಗೆ ಹುಡುಗೀರನ್ನ ಕರ್ಕೊಂಡು ಹೋಗಿ ತನ್ನ ಹತ್ರ ಏನೇನಿದೆ ಅಂತ ಒಂದೊಂದೇ ತೋರಿಸೋ ಸೀನ್ ಇದೆಯಲ್ಲ, ಬಣ್ಣಬಣ್ಣದ ಚಡ್ಡಿ, ಸೆಂಟಿನ ಬಾಟ್ಲು, ಗೋಡೆ ತುಂಬಾ ಗನ್ನು, ಹಾಸಿಗೆ ಮೇಲೆ ನೋಟು, ನಿಲ್ಲದೇ ಓಡ್ತಾ ಇರೋ ಒಂದು ಗ್ಯಾಂಗ್‌ಸ್ಟರ್ ಸಿನಿಮಾ, ಆ ಸೀನ್ ನೋಡ್ತಾ ನಗು ಬರುತ್ತೆ, ಆಮೇಲೆ ನೋವಾಗುತ್ತೆ. ಹತ್ತು ವರ್ಷದ ಹುಡುಗ ತನ್ನ ಆಟಿಕೆ ತೋರಿಸಿದಂಗೆ ತೋರಿಸ್ತಾನೆ. ಇವನೂ ಪರದೆ ನೋಡಿ ಬೆಳೆದವನೇ, ಆ ಹುಡುಗೀರಿಗಿಂತ ಒಂದಿಷ್ಟು ವರ್ಷ ಮುಂಚೆ ಶುರು ಮಾಡಿದ್ದಾನೆ ಅಷ್ಟೇ. ಲಾಸ್ ಏಂಜಲೀಸ್ ಫಿಲ್ಮ್ ಕ್ರಿಟಿಕ್ಸ್ ಆ ವರ್ಷ ಜ್ಯಾರೆಡ್ ಲೆಟೋ ಜೊತೆ ಫ್ರಾಂಕೋಗೂ ಸಪೋರ್ಟಿಂಗ್ ಆ್ಯಕ್ಟರ್ ಪ್ರಶಸ್ತಿ ಕೊಟ್ರು. ಕೊಡಲೇಬೇಕಿತ್ತು.

ಅದಾದ ಮೇಲೆ ಬರೋ ತಿರುವು ಇನ್ನೂ ದೊಡ್ಡದು. ಕ್ಯಾಂಡಿ ಮತ್ತೆ ಬ್ರಿಟ್ ಅವನದೇ ಗನ್ ತಗೊಂಡು ಅವನ ಬಾಯಿಗೇ ಇಡ್ತಾರೆ. ಮೊದಲು ತಮಾಷೆ, ಆಮೇಲೆ ಅವನ ಕಣ್ಣಲ್ಲಿ ಭಯ ಕಾಣುತ್ತೆ, ಇವರು ನಿಜವಾಗ್ಲೂ ಹೊಡೆದುಬಿಡ್ತಾರೇನೋ ಅಂತ, ನಮಗೂ ಗೊತ್ತಿಲ್ಲ ಹೊಡೀತಾರೋ ಇಲ್ವೋ ಅಂತ. ಕ್ರೈಮ್ ಸಿನಿಮಾಗಳಲ್ಲಿ ಈ ಜಾಗಕ್ಕೆ ಬಂದಾಗ ಹುಡುಗೀರು ಅಳ್ತಾ ಓಡಿಹೋಗ್ಬೇಕು, ವಿಲನ್ ಗೆಲ್ಬೇಕು, ಅದು ರೂಢಿ. ಇಲ್ಲಿ ಉಲ್ಟಾ, ಅವನೇ ಶರಣಾಗ್ತಾನೆ, ಪ್ರೀತೀಲಿ ಬೀಳ್ತಾನೆ. ಬೇಟೆ ಯಾರು ಬೇಟೆಗಾರ ಯಾರು ಅನ್ನೋದು ಆ ಒಂದು ರೂಮಲ್ಲಿ ಅದಲುಬದಲಾಗುತ್ತೆ, ಅಲ್ಲಿಂದ ಮುಂದಕ್ಕೆ ಅವನು ಆ ಇಬ್ಬರ ಹಿಂದೆ ಹೋಗೋ ಮನುಷ್ಯ.

ಇನ್ನು ಪಿಯಾನೋ ಸೀನ್. ಸಮುದ್ರದ ಪಕ್ಕ ಬಿಳೀ ಪಿಯಾನೋ, ಸಂಜೆ ಹೊತ್ತು, ಏಲಿಯನ್ ಕೂತ್ಕೊಂಡು ಬ್ರಿಟ್ನಿ ಸ್ಪಿಯರ್ಸ್‌ನ ಎವ್ರಿಟೈಮ್ ಹಾಡು ಶುರು ಮಾಡ್ತಾನೆ, ಸುತ್ತ ಹುಡುಗೀರು ಪಿಂಕ್ ಬಣ್ಣದ ಮಂಕಿ ಕ್ಯಾಪ್ ಹಾಕ್ಕೊಂಡು, ಕೈಯಲ್ಲಿ ಗನ್ ಹಿಡ್ಕೊಂಡು ನಿಂತಿದ್ದಾರೆ. ಸ್ವಲ್ಪ ಹೊತ್ತಿಗೆ ಅವನ ಧ್ವನಿ ಹೋಗಿ ಬ್ರಿಟ್ನಿಯ ಒರಿಜಿನಲ್ ಧ್ವನಿ ಬರುತ್ತೆ, ಆ ಮೆತ್ತನೆ ಹಾಡಿನ ಕೆಳಗೆ ಸ್ಲೋ ಮೋಷನ್ನಲ್ಲಿ ಒಂದರ ಹಿಂದೆ ಒಂದು ದರೋಡೆ, ಜನರನ್ನ ಹೊಡೆಯೋದು, ನೆಲಕ್ಕೆ ಕೆಡವೋದು. ಬೇರೆ ಯಾವ ಡೈರೆಕ್ಟರ್ ಆಗಿದ್ರೂ ಆ ಹಾಡನ್ನ ನಗೋಕೆ ಇಟ್ಟಿರೋನು, ಕೊರೀನ್ ಹಾಗೆ ಮಾಡಿಲ್ಲ, ಹಾಡಿನ ದುಃಖ ನಿಜವಾದ ದುಃಖ ಅಂತಾನೇ ಇಟ್ಟಿದ್ದಾನೆ. ಅದಕ್ಕೇ ಎದೆಗೆ ನಾಟುತ್ತೆ. ಇಡೀ ಸಿನಿಮಾ ಬೇಡ ಅನ್ನೋರು ಕೂಡ ಆ ನಾಲ್ಕೈದು ನಿಮಿಷ ನೋಡಿ.

ಈಗ ತಕರಾರಿಗೆ ಬರ್ತೀನಿ. ಬೇಲ್ ಸಿಕ್ಕಿದ ಮೇಲೆ ಏಲಿಯನ್ ಇವರನ್ನ ಒಂದು ಪೂಲ್ ಹಾಲ್‌ಗೆ, ಅಂದ್ರೆ ಬಿಲಿಯರ್ಡ್ಸ್ ಥರದ ಆಟ ಆಡೋ ಜಾಗಕ್ಕೆ, ಕರ್ಕೊಂಡು ಹೋಗ್ತಾನೆ, ಅಲ್ಲಿರೋರು ಬಹುತೇಕ ಬ್ಲ್ಯಾಕ್ ಜನ, ಫೇತ್‌ಗೆ ಅಲ್ಲೇ ಭಯ ಶುರುವಾಗಿ ಅತ್ತು ಮನೆಗೆ ಹೊರಟುಬಿಡ್ತಾಳೆ. ಬೀಚಲ್ಲಿ ಬಿಳಿ ಹುಡುಗ್ರು ಅದಕ್ಕಿಂತ ಹತ್ತು ಪಟ್ಟು ರಂಪ ಮಾಡ್ತಿದ್ದಾಗ ಅವಳಿಗೆ ದೇವರು ಕಾಣಿಸಿದ್ದ, ಇಲ್ಲಿ ಏನೂ ಮಾಡದೆ ಸುಮ್ನೆ ಆಟ ಆಡ್ಕೊಂಡಿರೋ ಜನ ನೋಡಿ ಭಯ. ಆ ಸೀನನ್ನ ನಾನು ಒಪ್ತೀನಿ, ಯಾಕಂದ್ರೆ ಅಲ್ಲಿ ಸಿನಿಮಾ ಅವಳ ಭಯವನ್ನ ದೂರ ನಿಂತು ನೋಡುತ್ತೆ, ಅವಳ ಮುಗ್ಧತೆ ಒಳಗೆ ಏನಿತ್ತು ಅಂತ ತೋರಿಸುತ್ತೆ. ಆದ್ರೆ ಕೊನೇಗೆ ಏನಾಗುತ್ತೆ? ರ‍್ಯಾಪರ್ ಗುಚ್ಚಿ ಮೇನ್ ಮಾಡಿರೋ ಬಿಗ್ ಆರ್ಚ್ ಅನ್ನೋ ಪಾತ್ರ, ಏಲಿಯನ್‌ನ ಹಳೇ ಗೆಳೆಯ ಈಗಿನ ಶತ್ರು, ಅವನ ಕಡೆಯವರು ಗುಂಡು ಹಾರಿಸಿ ಕಾಟಿ ಕೈಗೆ ಬೀಳುತ್ತೆ, ಅವಳೂ ಬಸ್ ಹತ್ತಿ ಹೋಗ್ತಾಳೆ. ಉಳಿದ ಇಬ್ಬರು ಹಳದಿ ಬಿಕಿನಿ, ಪಿಂಕ್ ಮುಖವಾಡ ಹಾಕ್ಕೊಂಡು ರಾತ್ರಿ ದೋಣಿ ಹತ್ತಿ ಬಿಗ್ ಆರ್ಚ್ ಬಂಗಲೆಗೆ ನುಗ್ತಾರೆ. ಏಲಿಯನ್ ಇಳಿದ ತಕ್ಷಣ ಗುಂಡು ಬಿದ್ದು ಸಾಯ್ತಾನೆ, ಇವರು ಆವಾಗ ನಿಲ್ಲೋದೇ ಇಲ್ಲ, ನಡೀತಾ ಹೋಗಿ ಒಬ್ಬೊಬ್ಬರನ್ನೇ ಹೊಡೆದು ಹಾಕ್ತಾರೆ. ನೇರಳೆ ಬೆಳಕಲ್ಲಿ ಆ ಹಳದಿ ಬಣ್ಣ ಉರಿಯೋ ಥರ ಹೊಳೆಯುತ್ತೆ, ಫ್ರೇಮ್ ಅಂತೂ ಅದ್ಭುತ.

ಅಲ್ಲಿ ಸಾಯೋರೆಲ್ಲ ಯಾರು ಅಂತ ಒಂದ್ಸಲ ನೋಡಿ. ಸಾಲಾಗಿ ಬ್ಲ್ಯಾಕ್ ಗಂಡಸರು, ಹೆಸರಿಲ್ಲ, ಮಾತಿಲ್ಲ, ಗುಂಡು ತಿಂದು ಬೀಳೋಕೆ ಮಾತ್ರ ಇರೋರು. ಇದು ಕನಸು, ಇದು ವಿಡಿಯೋ ಗೇಮ್ ಲೆವೆಲ್ಲು, ಹುಡುಗೀರ ತಲೆಯೊಳಗಿನ ಫ್ಯಾಂಟಸಿ ಅಂತ ಸಮರ್ಥನೆ ಕೊಡೋರಿದ್ದಾರೆ, ಸರಿ, ಫ್ಯಾಂಟಸಿ ಅಂತಾನೇ ಇಟ್ಕೊಳ್ಳೋಣ. ಹೋಟ್ಲು ದರೋಡೇನ ಎರಡನೇ ಸಲ ಒಳಗಿಂದ ತೋರಿಸಿ ನಮ್ಮನ್ನ ನಿಲ್ಲಿಸಿದ ಡೈರೆಕ್ಟರು ಇಲ್ಲಿ ಯಾಕೆ ಒಂದೇ ಸಲ, ಹೊರಗಿಂದ, ಬಣ್ಣದಲ್ಲಿ ತೋರಿಸಿ ಬಿಟ್ಟುಬಿಟ್ಟ? ಬಿಗ್ ಆರ್ಚ್‌ಗೂ ಮನೇಲಿ ಪುಟ್ಟ ಮಗು ಇದೆ, ಸಿನಿಮಾನೇ ತೋರಿಸುತ್ತೆ, ಆದ್ರೂ ಆ ಎಳೆ ಎತ್ಕೊಳ್ಳಲ್ಲ. ಸಿನಿಮಾಗೆ ಬೇರೆ ಕಡೆ ಇದ್ದ ಬುದ್ಧಿ ಇಲ್ಲಿ ಕೈಕೊಟ್ಟಿದೆ. ಚಂದ ಕಾಣೋದಕ್ಕೆ ಸೋತುಬಿಟ್ಟಿದ್ದಾನೆ. ನಂಗೆ ಬೇಜಾರಾಗೋದು ಸಿನಿಮಾ ಕೆಟ್ಟದು ಅಂತಲ್ಲ, ಇಷ್ಟು ಚೆನ್ನಾಗಿ ಯೋಚನೆ ಮಾಡಿದ ಸಿನಿಮಾ ಕೊನೇಲಿ ಯೋಚನೆ ಮಾಡೋದು ನಿಲ್ಲಿಸ್ತಲ್ಲ ಅಂತ.

ಹುಡುಗೀರ ಮೈಯನ್ನ ಕ್ಯಾಮೆರಾ ನೋಡೋ ರೀತಿ ಬಗ್ಗೆನೂ ಜಗಳ ಇದೆ. ಆ ದೂರಲ್ಲಿ ಹುರುಳಿದೆ. ಆ ನೋಟ ಅತಿಯಾಗಿ ಅತಿಯಾಗಿ ಕೊನೆಗೆ ವಾಕರಿಕೆ ಬರಿಸ್ಬೇಕು ಅನ್ನೋದು ಲೆಕ್ಕಾಚಾರ, ನನಗೆ ಬಂತು, ಎಲ್ಲರಿಗೂ ಬರಲ್ಲ. ಬರದೇ ಇರೋ ಪ್ರೇಕ್ಷಕನಿಗೆ ಅದು ಬರೀ ಬಿಕಿನಿ ಆಗೇ ಉಳಿಯುತ್ತೆ, ಅದಕ್ಕೆ ಡೈರೆಕ್ಟರೂ ಹೊಣೆ. ಆದ್ರೆ ಸಿನಿಮಾ ಅಪರಾಧಾನ ವೈಭವೀಕರಿಸುತ್ತೆ ಅನ್ನೋ ಮಾತು ನಾನು ಒಪ್ಪಲ್ಲ. ಕೊನೇ ದಾಳಿಗೆ ಹೋಗೋ ಮುಂಚೆ ಆ ಇಬ್ಬರೂ ಅಮ್ಮಂದಿರಿಗೆ ಫೋನ್ ಮಾಡಿ ಇನ್ಮೇಲೆ ಒಳ್ಳೆಯವರಾಗಿ ಇರ್ತೀವಿ, ಚೆನ್ನಾಗಿ ಓದ್ತೀವಿ ಅನ್ನೋ ಥರ ಮಾತಾಡ್ತಾರೆ, ಆ ಮಾತು ಸುಳ್ಳಲ್ಲ ನಿಜವೂ ಅಲ್ಲ, ಅವರಿಗೆ ಎರಡರ ನಡುವೆ ವ್ಯತ್ಯಾಸಾನೇ ಉಳಿದಿಲ್ಲ. ಅದನ್ನ ಕೇಳಿ ಯಾರಿಗೆ ಇವರ ಥರ ಆಗ್ಬೇಕು ಅನ್ಸುತ್ತೆ ಹೇಳಿ.

ರೇಟಿಂಗ್ ಕೇಳಿದ್ರೆ ಐದಕ್ಕೆ ನಾಲ್ಕು, ಕಳೆದ ಆ ಒಂದು ಪೂರ್ತಿ ಕ್ಲೈಮ್ಯಾಕ್ಸ್‌ದು. 94 ನಿಮಿಷ ಅಷ್ಟೇ. ಮನೆಯವರ ಜೊತೆ ಕೂತು ನೋಡೋ ಸಿನಿಮಾ ಖಂಡಿತ ಅಲ್ಲ, ಬೆತ್ತಲೆ ದೃಶ್ಯ, ಡ್ರಗ್ಸು, ಬೈಗುಳ ಎಲ್ಲಾ ಧಾರಾಳವಾಗಿದೆ, ಚಿಕ್ಕವರು ಇರೋ ಮನೇಲಿ ಹಾಕ್ಲೇಬೇಡಿ. ಕಥೆ ಶುರುವಾಗಲಿ ಅಂತ ಕಾಯೋರಿಗೆ ಮೊದಲ ಇಪ್ಪತ್ತು ನಿಮಿಷ ತಾಳ್ಮೆ ಬೇಕು. ಮೊಬೈಲಲ್ಲಿ ನೋಡ್ಬೇಡಿ ಪ್ಲೀಸ್, ಆ ಬಣ್ಣ ಸತ್ತುಹೋಗುತ್ತೆ, ಇರೋದ್ರಲ್ಲಿ ದೊಡ್ಡ ಸ್ಕ್ರೀನಲ್ಲಿ ಲೈಟ್ ಆರಿಸಿ ನೋಡಿ, ಒಳ್ಳೆ ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಸೀನಿನ ಮಧ್ಯ ಬರೋ ಆ ಗನ್ನಿನ ಸದ್ದು ಅರ್ಧಕ್ಕರ್ಧ ತಪ್ಪಿಹೋಗುತ್ತೆ.